ಟ್ಯಾಬ್‌ನ ಮ್ಯಾಕ್ ಅಡ್ರೆಸ್ ಎಲ್ಲಿದೆ? ಸಿಕ್ಕಿದ್ದು ಅಸಲಿಯೋ ಅಲ್ಲವೋ ತಿಳಿಯುವುದು ಹೇಗೆ?

ಹಾಸ್ಟೆಲ್ಲಿನಲ್ಲೋ ಕಚೇರಿಯಲ್ಲೋ ವೈ-ಫೈ ಬೇಕೆಂದು ಕೇಳಿದರೆ ಕೈಗೊಂದು ಫಾರ್ಮ್ ಕೊಡುತ್ತಾರೆ. ಹೆಸರು, ರೂಮ್ ನಂಬರ್, ಫೋನ್ ನಂಬರ್ ಎಲ್ಲ ತುಂಬಿದ ಮೇಲೂ ಒಂದು ಸಾಲು ಖಾಲಿ ಉಳಿಯುತ್ತದೆ: ‘ಡಿವೈಸ್ ಮ್ಯಾಕ್ ಅಡ್ರೆಸ್’. ಕೆಲವರು ಅದನ್ನೇ ಮ್ಯಾಕ್ ಐಡಿ ಅನ್ನುತ್ತಾರೆ. ವಿಂಡೋಸ್‌ನಲ್ಲಿ ಅದರ ಹೆಸರು ಫಿಸಿಕಲ್ ಅಡ್ರೆಸ್, ಐಪ್ಯಾಡ್‌ನಲ್ಲಿ ಬರೀ ವೈ-ಫೈ ಅಡ್ರೆಸ್, ಹಳೆಯ ಕೈಪಿಡಿಗಳಲ್ಲಿ ಹಾರ್ಡ್‌ವೇರ್ ಅಡ್ರೆಸ್. ಎಲ್ಲವೂ ಒಂದೇ. ಆಪಲ್‌ನ ಮ್ಯಾಕ್ ಕಂಪ್ಯೂಟರಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಇಲ್ಲಿ ಮ್ಯಾಕ್ ಎಂದರೆ ಮೀಡಿಯಾ ಆಕ್ಸೆಸ್ ಕಂಟ್ರೋಲ್.

ಸೆಟ್ಟಿಂಗ್ಸ್‌ನಲ್ಲಿ ಅದನ್ನು ಹುಡುಕುವುದು ಎರಡು ನಿಮಿಷದ ಕೆಲಸ. ಪೇಚಿರುವುದು ಬೇರೆ ಕಡೆ. ಈಗಿನ ಬಹುತೇಕ ಟ್ಯಾಬ್‌ಗಳು ತಮ್ಮ ನಿಜವಾದ ವಿಳಾಸವನ್ನು ವೈ-ಫೈ ರೌಟರಿಗೆ ಹೇಳುವುದೇ ಇಲ್ಲ. ತಾವೇ ಒಂದು ವಿಳಾಸ ಸೃಷ್ಟಿಸಿಕೊಂಡು ಅದನ್ನು ತೋರಿಸುತ್ತವೆ. ಹಾಗಾಗಿ ‘ಅಬೌಟ್’ ಪುಟದಲ್ಲಿ ಕಂಡದ್ದನ್ನು ಅಚ್ಚುಕಟ್ಟಾಗಿ ಬರೆದುಕೊಟ್ಟು ಬಂದ ಮೇಲೂ ಟ್ಯಾಬ್ ಕನೆಕ್ಟ್ ಆಗದೆ ಕೂರುತ್ತದೆ. ಫಾರ್ಮ್ ತೆಗೆದುಕೊಂಡವರು ನಿಮ್ಮ ಟ್ಯಾಬ್ ಸರಿಯಿಲ್ಲ ಅನ್ನುತ್ತಾರೆ, ನೀವು ಅವರ ವೈ-ಫೈ ಸರಿಯಿಲ್ಲ ಅನ್ನುತ್ತೀರಿ. ಎರಡೂ ಸರಿಯಿರುತ್ತವೆ, ವಿಳಾಸ ಮಾತ್ರ ಬೇರೆ. ಅದಕ್ಕೇ ಈ ಲೇಖನದಲ್ಲಿ ಎಲ್ಲೆಲ್ಲಿ ಒತ್ತಬೇಕು ಎಂಬುದರ ಜೊತೆಗೆ, ಸಿಗುವ ಎರಡು ವಿಳಾಸಗಳಲ್ಲಿ ಯಾವುದನ್ನು ಕೊಡಬೇಕು ಎಂಬುದಕ್ಕೂ ಸಾಕಷ್ಟು ಜಾಗ ಕೊಟ್ಟಿದ್ದೇನೆ.

ನೋಡಲು ಹೇಗಿರುತ್ತದೆ

ಮ್ಯಾಕ್ ಅಡ್ರೆಸ್ ಅಂದರೆ ಒಟ್ಟು 12 ಚಿಹ್ನೆ. ಎರಡೆರಡರ ಆರು ಜೋಡಿ, ನಡುವೆ ಕೋಲನ್ ಅಥವಾ ಸಣ್ಣ ಗೆರೆ. ಮಾದರಿಗೆ: 00:00:5ಇ:00:53:01. (ಇದು ಯಾರ ಟ್ಯಾಬ್‌ನದೂ ಅಲ್ಲ, ಉದಾಹರಣೆ ಕೊಡಲೆಂದೇ ಮೀಸಲಿಟ್ಟ ವಿಳಾಸಗಳಲ್ಲೊಂದು. ತೆರೆಯ ಮೇಲೆ ಅಕ್ಷರಗಳು ಇಂಗ್ಲಿಷಿನಲ್ಲೇ ಇರುತ್ತವೆ.) ಇದರಲ್ಲಿ 0ಯಿಂದ 9ರವರೆಗಿನ ಅಂಕಿಗಳು ಮತ್ತು ಎ, ಬಿ, ಸಿ, ಡಿ, ಇ, ಎಫ್ ಎಂಬ ಆರು ಇಂಗ್ಲಿಷ್ ಅಕ್ಷರಗಳು ಮಾತ್ರ ಬರಬಹುದು. ಹೀಗಾಗಿ ದುಂಡಗೆ ಕಾಣುವುದು ಯಾವಾಗಲೂ ಸೊನ್ನೆಯೇ, ‘ಓ’ ಅಕ್ಷರ ಅಲ್ಲ. ಎಫ್ ದಾಟಿದ ಯಾವ ಅಕ್ಷರ ಕಂಡರೂ ಅದು ಮ್ಯಾಕ್ ಅಡ್ರೆಸ್ ಅಲ್ಲ, ನೀವು ನೋಡುತ್ತಿರುವುದು ಸೀರಿಯಲ್ ನಂಬರನ್ನೋ ಬೇರೇನನ್ನೋ.

ಅದೇ ಪುಟದಲ್ಲಿ ಇನ್ನೂ ನಾಲ್ಕಾರು ನಂಬರುಗಳು ಸಾಲಾಗಿ ಇರುವುದರಿಂದ ಗೊಂದಲ ಸಹಜ. 192.168 ಎಂದು ಶುರುವಾಗಿ ನಡುವೆ ಚುಕ್ಕೆಗಳಿರುವುದು ಐಪಿ ಅಡ್ರೆಸ್. ಅದನ್ನು ಆಯಾ ರೌಟರ್ ಕೊಡುತ್ತದೆ, ಜಾಗ ಬದಲಾದರೆ ಅದೂ ಬದಲಾಗುತ್ತದೆ. ಬರೀ ಅಂಕಿಗಳೇ ಇರುವ 15 ಸ್ಥಾನದ್ದು ಐಎಂಇಐ, ಸಿಮ್ ಹಾಕುವ ಟ್ಯಾಬ್‌ಗಳಲ್ಲಿ ಮಾತ್ರ ಇರುತ್ತದೆ. ಹೆಚ್ಚು ಜನ ಎಡವುವುದು ಬ್ಲೂಟೂತ್ ಅಡ್ರೆಸ್‌ನಲ್ಲಿ. ಅದೂ ಆರು ಜೋಡಿಯೇ, ಅದೂ ಕೋಲನ್‌ಗಳೇ, ಪಕ್ಕದ ಸಾಲಿನಲ್ಲೇ ಇರುತ್ತದೆ. ಹಲವು ಟ್ಯಾಬ್‌ಗಳಲ್ಲಿ ವೈ-ಫೈ ವಿಳಾಸಕ್ಕೂ ಅದಕ್ಕೂ ಕೊನೆಯ ಒಂದು ಅಂಕಿಯಷ್ಟೇ ವ್ಯತ್ಯಾಸ. ಸಾಲಿನ ಎಡಗಡೆ ಏನು ಬರೆದಿದೆ ಎಂದು ಓದಿಯೇ ನಕಲು ಮಾಡಿ.

ಬೈಕಿನ ಚಾಸಿ ನಂಬರಿನ ಹಾಗೆ ಇದನ್ನೂ ಕಾರ್ಖಾನೆಯಲ್ಲೇ ಕೊಟ್ಟಿರುತ್ತಾರೆ. ಮೊದಲ ಮೂರು ಜೋಡಿ ತಯಾರಕರ ಗುರುತು, ಐಇಇಇ ಎಂಬ ಅಂತಾರಾಷ್ಟ್ರೀಯ ಎಂಜಿನಿಯರುಗಳ ಸಂಸ್ಥೆ ಅದನ್ನು ಕಂಪನಿಗಳಿಗೆ ಹಂಚುತ್ತದೆ. ಉಳಿದ ಮೂರು ಜೋಡಿಯನ್ನು ಕಂಪನಿ ತನ್ನ ಒಂದೊಂದು ಸಾಧನಕ್ಕೂ ಬೇರೆ ಬೇರೆಯಾಗಿ ಕೊಡುತ್ತದೆ. ಹೀಗೆ ಒಂದು ಗುರುತಿನಲ್ಲಿ 1,67,77,216 ಸಾಧನಗಳಿಗೆ ಜಾಗವಿದೆ. ಅದು ಸಾಲದೆ ದೊಡ್ಡ ಕಂಪನಿಗಳು ನೂರಾರು ಗುರುತುಗಳನ್ನು ಇಟ್ಟುಕೊಂಡಿವೆ. 1980ರಲ್ಲಿ ಡಿಇಸಿ, ಇಂಟೆಲ್, ಜೆರಾಕ್ಸ್ ಕಂಪನಿಗಳು ಸೇರಿ ಈಥರ್‌ನೆಟ್‌ನ (ಕಂಪ್ಯೂಟರುಗಳನ್ನು ಕೇಬಲ್ಲಿನಿಂದ ಜೋಡಿಸುವ ವಿಧಾನ) ಮಾನದಂಡ ಹೊರಡಿಸಿದಾಗಲೇ ಈ 48 ಬಿಟ್‌ಗಳ (ಒಂದು ಬಿಟ್ ಎಂದರೆ 0 ಅಥವಾ 1) ವಿಳಾಸ ಅದರಲ್ಲಿತ್ತು. ಒಟ್ಟು ಸುಮಾರು 281 ಲಕ್ಷ ಕೋಟಿ ವಿಳಾಸಗಳು ಸಾಧ್ಯ. ಕೇಬಲ್ಲಿನಲ್ಲಿ ಬಿಗಿದ ದೊಡ್ಡ ಕಂಪ್ಯೂಟರುಗಳ ಕಾಲದ ಲೆಕ್ಕ ಇವತ್ತು ಕೈಯಲ್ಲಿ ಹಿಡಿದ ಟ್ಯಾಬ್‌ಗೂ ನಡೆಯುತ್ತಿದೆ.

ಐಪ್ಯಾಡ್‌ನಲ್ಲಿ

1. ‘ಸೆಟ್ಟಿಂಗ್ಸ್’ ತೆರೆಯಿರಿ.
2. ಎಡಗಡೆಯ ಪಟ್ಟಿಯಲ್ಲಿ ‘ಜನರಲ್’ ಒತ್ತಿ.
3. ಬಲಗಡೆ ಮೇಲೆಯೇ ಇರುವ ‘ಅಬೌಟ್’ ಒತ್ತಿ.
4. ಕೆಳಗೆ ಸರಿಸುತ್ತಾ ಹೋದರೆ ‘ವೈ-ಫೈ ಅಡ್ರೆಸ್’ ಎಂಬ ಸಾಲು ಸಿಗುತ್ತದೆ. ಅದರ ಮುಂದಿರುವುದೇ ಬೇಕಾದದ್ದು.
5. ಆ ನಂಬರಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ ‘ಕಾಪಿ’ ಎಂದು ಬರುತ್ತದೆ. ಕೈಯಲ್ಲಿ ಬರೆದುಕೊಳ್ಳುವ ಬದಲು ಕಾಪಿ ಮಾಡಿ ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ. 8 ಮತ್ತು ಬಿ, 0 ಮತ್ತು ಡಿ ಅದಲುಬದಲಾಗಿ ದಿನಗಟ್ಟಲೆ ಓಡಾಡಿದವರು ಬೇಕಾದಷ್ಟಿದ್ದಾರೆ.

ಇಷ್ಟಕ್ಕೇ ನಿಲ್ಲಬೇಡಿ. ಐಪ್ಯಾಡ್ ಒಎಸ್ 14ರಿಂದ, ಅಂದರೆ 2020ರ ಸೆಪ್ಟೆಂಬರ್‌ನಿಂದ, ಪ್ರತಿ ವೈ-ಫೈಗೂ ಐಪ್ಯಾಡ್ ಒಂದೊಂದು ಬೇರೆ ವಿಳಾಸ ತೋರಿಸುತ್ತದೆ. ಅದರ ಹೆಸರು ‘ಪ್ರೈವೇಟ್ ವೈ-ಫೈ ಅಡ್ರೆಸ್’. ಅದನ್ನು ನೋಡುವುದು ಹೀಗೆ:

1. ‘ಸೆಟ್ಟಿಂಗ್ಸ್’ನಲ್ಲಿ ‘ವೈ-ಫೈ’ ಒತ್ತಿ.
2. ನೀವು ಸೇರಬೇಕಾದ ವೈ-ಫೈ ಹೆಸರಿನ ಬಲಕ್ಕೆ ನೀಲಿ ವೃತ್ತದೊಳಗೆ ‘ಐ’ ಇದೆಯಲ್ಲ, ಅದನ್ನು ಒತ್ತಿ. ಹೆಸರನ್ನೇ ಒತ್ತಿದರೆ ಅದು ಕನೆಕ್ಟ್ ಆಗಲು ಹೊರಡುತ್ತದೆ.
3. ಅಲ್ಲಿ ‘ಪ್ರೈವೇಟ್ ವೈ-ಫೈ ಅಡ್ರೆಸ್’ ಎಂಬ ಆಯ್ಕೆ, ಅದರ ಜೊತೆಗೇ ‘ವೈ-ಫೈ ಅಡ್ರೆಸ್’ ಎಂದು ಒಂದು ವಿಳಾಸ ಕಾಣುತ್ತವೆ. ಈ ವೈ-ಫೈಗೆ ನಿಮ್ಮ ಐಪ್ಯಾಡ್ ತೋರಿಸುತ್ತಿರುವುದು ಈ ವಿಳಾಸವನ್ನು.

ಹಳೆಯ ಆವೃತ್ತಿಗಳಲ್ಲಿ ಆ ಆಯ್ಕೆ ಬರೀ ಆನ್-ಆಫ್ ಸ್ವಿಚ್ ಆಗಿತ್ತು. ಐಪ್ಯಾಡ್ ಒಎಸ್ 18ರಿಂದ ಮೂರು ಬಗೆ ಇವೆ. ‘ಆಫ್’ ಎಂದರೆ ಕಾರ್ಖಾನೆಯ ವಿಳಾಸವೇ ಹೋಗುತ್ತದೆ. ‘ಫಿಕ್ಸ್ಡ್’ ಎಂದರೆ ಈ ಒಂದು ವೈ-ಫೈಗೆ ಎಂದು ಮಾಡಿಕೊಂಡ, ಬದಲಾಗದ ಖಾಸಗಿ ವಿಳಾಸ. ‘ರೊಟೇಟಿಂಗ್’ ಎಂದರೆ ಸುಮಾರು ಎರಡು ವಾರಕ್ಕೊಮ್ಮೆ ಬದಲಾಗುವ ಖಾಸಗಿ ವಿಳಾಸ. ಪಾಸ್‌ವರ್ಡ್ ಇರುವ ಸುಭದ್ರ ವೈ-ಫೈಗಳಿಗೆ ಐಪ್ಯಾಡ್ ತಾನಾಗಿಯೇ ಫಿಕ್ಸ್ಡ್ ಆರಿಸಿಕೊಳ್ಳುತ್ತದೆ, ತೆರೆದ ವೈ-ಫೈಗಳಿಗೆ ರೊಟೇಟಿಂಗ್. ಫಾರ್ಮ್ ಕೊಟ್ಟ ಹಾಸ್ಟೆಲ್ಲಿನ ವೈ-ಫೈ ಪಾಸ್‌ವರ್ಡ್ ಇಲ್ಲದ್ದಾಗಿದ್ದರೆ (ಕನೆಕ್ಟ್ ಆದ ಮೇಲೆ ಬ್ರೌಸರಿನಲ್ಲಿ ಲಾಗಿನ್ ಕೇಳುವ ಬಗೆಯವು ಬಹಳಷ್ಟು ಹಾಗೇ ಇರುತ್ತವೆ) ನಿಮ್ಮ ಐಪ್ಯಾಡ್ ರೊಟೇಟಿಂಗ್‌ನಲ್ಲೇ ಇರುವ ಸಾಧ್ಯತೆ ಹೆಚ್ಚು. ಎರಡು ವಾರ ಚೆನ್ನಾಗಿ ಓಡಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನೆಟ್ ಹೋಯಿತು ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಆಫ್ ಮಾಡಿದರೆ ಆ ವೈ-ಫೈ ಹೆಸರಿನ ಕೆಳಗೆ ‘ಪ್ರೈವೆಸಿ ವಾರ್ನಿಂಗ್’ ಎಂದು ತೋರಿಸಬಹುದು. ಗಾಬರಿ ಬೇಡ. ಯಾರೋ ನಿಮ್ಮ ಐಪ್ಯಾಡ್ ಹ್ಯಾಕ್ ಮಾಡಿದ್ದಾರೆ ಎಂದಲ್ಲ ಅದು. ಅಸಲಿ ವಿಳಾಸ ಕಾಣುತ್ತಿದೆ ಎಂಬ ನೆನಪೋಲೆ ಅಷ್ಟೆ.

ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್‌ನಲ್ಲಿ

1. ‘ಸೆಟ್ಟಿಂಗ್ಸ್’ ತೆರೆದು ಪಟ್ಟಿಯ ಕಟ್ಟಕಡೆಗೆ ಹೋಗಿ ‘ಅಬೌಟ್ ಟ್ಯಾಬ್ಲೆಟ್’ ಒತ್ತಿ.
2. ‘ಸ್ಟೇಟಸ್ ಇನ್ಫರ್ಮೇಶನ್’ ಒತ್ತಿ. ಹಳೆಯ ಮಾಡೆಲ್‌ಗಳಲ್ಲಿ ಬರೀ ‘ಸ್ಟೇಟಸ್’ ಎಂದಿರುತ್ತದೆ.
3. ‘ವೈ-ಫೈ ಮ್ಯಾಕ್ ಅಡ್ರೆಸ್’ ಎಂಬ ಮಾತು ಇರುವ ಸಾಲು ನೋಡಿ. ಇದು ಕಾರ್ಖಾನೆಯ ವಿಳಾಸ.

ಇನ್ನು ಒಂದು ನಿರ್ದಿಷ್ಟ ವೈ-ಫೈಗೆ ಟ್ಯಾಬ್ ಏನು ತೋರಿಸುತ್ತಿದೆ ಎಂದು ತಿಳಿಯಲು: ‘ಸೆಟ್ಟಿಂಗ್ಸ್’ನಲ್ಲಿ ‘ಕನೆಕ್ಷನ್ಸ್’, ಅದರೊಳಗೆ ‘ವೈ-ಫೈ’, ಅಲ್ಲಿ ಕನೆಕ್ಟ್ ಆಗಿರುವ ಹೆಸರಿನ ಪಕ್ಕದ ಗಿಯರ್ ಚಿಹ್ನೆ ಒತ್ತಿ. ‘ವ್ಯೂ ಮೋರ್’ ಅಥವಾ ‘ಅಡ್ವಾನ್ಸ್ಡ್’ ಎಂಬುದನ್ನು ಒತ್ತಿದರೆ ಒಳಗೆ ‘ಮ್ಯಾಕ್ ಅಡ್ರೆಸ್ ಟೈಪ್’ ಇದೆ. ‘ರ‍್ಯಾಂಡಮೈಸ್ಡ್ ಮ್ಯಾಕ್’ ಎಂದಿದ್ದರೆ ಟ್ಯಾಬ್ ತಾನೇ ಮಾಡಿಕೊಂಡ ವಿಳಾಸ ಬಳಸುತ್ತಿದೆ. ಇನ್ನೊಂದು ಆಯ್ಕೆ, ಮಾಡೆಲ್ ನೋಡಿಕೊಂಡು ‘ಫೋನ್ ಮ್ಯಾಕ್’ ಎಂದೋ ‘ಡಿವೈಸ್ ಮ್ಯಾಕ್’ ಎಂದೋ ಇರುತ್ತದೆ. ಕೈಯಲ್ಲಿರುವುದು ಟ್ಯಾಬ್ ಆದರೂ ‘ಫೋನ್’ ಎಂದು ಬರೆದಿದೆಯಲ್ಲ ಎಂದು ಅನುಮಾನಪಡಬೇಡಿ, ಅಸಲಿ ವಿಳಾಸ ಬೇಕಿದ್ದರೆ ಅದನ್ನೇ ಆರಿಸಿ.

ಉಳಿದ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ

ಲೆನೊವೊ, ಶಿಯೋಮಿ, ರಿಯಲ್‌ಮಿ, ಒನ್‌ಪ್ಲಸ್ ಯಾವುದೇ ಇರಲಿ, ದಾರಿ ಹೆಚ್ಚುಕಡಿಮೆ ಇದೇ. ‘ಅಬೌಟ್ ಟ್ಯಾಬ್ಲೆಟ್’ ಅಥವಾ ‘ಅಬೌಟ್ ಡಿವೈಸ್’ ಒಳಗೆ ಎಲ್ಲೋ ಇರುತ್ತದೆ. ಕೆಲವರು ಅದನ್ನು ‘ಸ್ಟೇಟಸ್’ ಒಳಗೆ ಇಡುತ್ತಾರೆ, ಶಿಯೋಮಿಯಲ್ಲಿ ‘ಆಲ್ ಸ್ಪೆಕ್ಸ್’ ಒಳಗಿನ ‘ಸ್ಟೇಟಸ್’ವರೆಗೆ ಹೋಗಬೇಕಾಗಬಹುದು. ಕೆಲವು ಕಂಪನಿಗಳು ವೈ-ಫೈ ಎನ್ನುವ ಬದಲು ‘ಡಬ್ಲ್ಯುಲ್ಯಾನ್’ ಎಂದು ಬರೆಯುತ್ತವೆ, ಬೇರೆಯೇನೂ ಅಲ್ಲ. ಟ್ಯಾಬ್‌ನ ಭಾಷೆ ಕನ್ನಡದಲ್ಲಿದ್ದರೆ ‘ಸೆಟ್ಟಿಂಗ್‌ಗಳು’ ತೆರೆದು ‘ಟ್ಯಾಬ್ಲೆಟ್ ಕುರಿತು’ ಎಂಬುದಕ್ಕೆ ಹೋಗಿ. ಅಲೆದಾಟ ಬೇಡವೆಂದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ‘ಮ್ಯಾಕ್’ ಎಂದು ಟೈಪ್ ಮಾಡಿ. ಬಹಳಷ್ಟು ಟ್ಯಾಬ್‌ಗಳಲ್ಲಿ ನೇರವಾಗಿ ಆ ಪುಟ ಸಿಗುತ್ತದೆ.

ಅಲ್ಲಿ ವಿಳಾಸದ ಬದಲು ‘ಲಭ್ಯವಿಲ್ಲ’ ಎಂಬರ್ಥದ ಮಾತು ಬಂದರೆ ವೈ-ಫೈ ಆಫ್ ಆಗಿರಬಹುದು, ಆನ್ ಮಾಡಿ ಮತ್ತೆ ನೋಡಿ. ‘ಸೇವ್ ಮಾಡಿದ ನೆಟ್‌ವರ್ಕ್ ಆರಿಸಿ’ ಎಂಬರ್ಥದ ಸಾಲು ಬರುವುದೂ ಉಂಟು. ಪ್ರತಿ ವೈ-ಫೈಗೂ ಬೇರೆ ವಿಳಾಸ ಇರುವುದರಿಂದ, ಯಾವುದರದ್ದು ಬೇಕು ಎಂದು ಅದು ಕೇಳುತ್ತಿದೆ. ಆಗ ‘ನೆಟ್‌ವರ್ಕ್ ಮತ್ತು ಇಂಟರ್ನೆಟ್’ ಒಳಗೆ ಹೋಗಿ, ಆ ವೈ-ಫೈ ಪಕ್ಕದ ಗಿಯರ್ ಒತ್ತಿ, ‘ಪ್ರೈವೆಸಿ’ ಎಂಬಲ್ಲಿ ನೋಡಿ. ‘ಯೂಸ್ ರ‍್ಯಾಂಡಮೈಸ್ಡ್ ಮ್ಯಾಕ್’, ‘ಯೂಸ್ ಡಿವೈಸ್ ಮ್ಯಾಕ್’ ಎಂದು ಎರಡು ಆಯ್ಕೆ ಇರುತ್ತವೆ. ಆಂಡ್ರಾಯ್ಡ್ 10ರಿಂದ, ಅಂದರೆ 2019ರಿಂದ ಮೊದಲನೆಯದೇ ಸಾಮಾನ್ಯ ಆಯ್ಕೆ.

ಇದಕ್ಕೆಂದು ಪ್ಲೇ ಸ್ಟೋರ್‌ನಿಂದ ಯಾವ ಆ್ಯಪ್ ಕೂಡ ಹಾಕಿಕೊಳ್ಳಬೇಡಿ. 2015ರ ಆಂಡ್ರಾಯ್ಡ್ 6ರಿಂದಲೇ ಗೂಗಲ್ ಆ್ಯಪ್‌ಗಳಿಗೆ ಅಸಲಿ ವಿಳಾಸ ಸಿಗದಂತೆ ಮಾಡಿದೆ; ಕೇಳಿದ ಆ್ಯಪ್‌ಗಳಿಗೆಲ್ಲ 02:00:00:00:00:00 ಎಂಬ ಒಂದೇ ಉತ್ತರ ಕೊಟ್ಟು ಕಳಿಸುವ ವ್ಯವಸ್ಥೆ ಮಾಡಿತು. ಫಾರ್ಮಿನಲ್ಲಿ ಹತ್ತು ಜನ ಇದೇ ವಿಳಾಸ ಬರೆದುಕೊಟ್ಟಿದ್ದರೆ ಎಲ್ಲರೂ ಆ್ಯಪ್ ನೋಡಿ ಬರೆದವರು ಎಂದು ತಿಳಿಯಬಹುದು. ಸೆಟ್ಟಿಂಗ್ಸ್‌ನಲ್ಲಿ ಪುಕ್ಕಟೆ ಸಿಗುವುದಕ್ಕೆ ಜಾಹೀರಾತು ನೋಡುವುದೇಕೆ?

ವಿಂಡೋಸ್ ಟ್ಯಾಬ್‌ಗಳಲ್ಲಿ, ಉದಾಹರಣೆಗೆ ಮೈಕ್ರೋಸಾಫ್ಟ್‌ನ ಸರ್ಫೇಸ್‌ನಲ್ಲಿ, ‘ಸೆಟ್ಟಿಂಗ್ಸ್’, ‘ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್’, ‘ವೈ-ಫೈ’, ‘ಹಾರ್ಡ್‌ವೇರ್ ಪ್ರಾಪರ್ಟೀಸ್’ ಎಂದು ಹೋದರೆ ಕೆಳಗೆ ‘ಫಿಸಿಕಲ್ ಅಡ್ರೆಸ್’ ಇರುತ್ತದೆ, ಕೋಲನ್ ಅಥವಾ ಸಣ್ಣ ಗೆರೆಗಳೊಂದಿಗೆ. ಅಲ್ಲೇ ‘ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್’ ಎಂಬ ಸ್ವಿಚ್ಚೂ ಇದೆ. ಕಿಂಡಲ್ (ಇ-ಪುಸ್ತಕ ಓದುವ ಸಾಧನ) ಇದ್ದವರು ‘ಡಿವೈಸ್ ಆಪ್ಷನ್ಸ್’ ಒಳಗಿನ ‘ಡಿವೈಸ್ ಇನ್ಫೋ’ ನೋಡಿ.

ಒಂದೇ ಅಂಕಿಯಲ್ಲಿ ಪರೀಕ್ಷೆ

ಕಂಡದ್ದು ಕಾರ್ಖಾನೆಯದೋ ಟ್ಯಾಬ್ ಸೃಷ್ಟಿಸಿಕೊಂಡದ್ದೋ ಎಂದು ಹೇಳಲು ಸಾಧನ ಏನೂ ಬೇಡ. ವಿಳಾಸದ ಮೊದಲ ಜೋಡಿಯ ಎರಡನೇ ಚಿಹ್ನೆ ನೋಡಿ. ಅದು 2, 6, ಎ ಅಥವಾ ಇ ಆಗಿದ್ದರೆ ವಿಳಾಸ ಸಾಧನವೇ ಮಾಡಿಕೊಂಡದ್ದು. 0, 4, 8 ಅಥವಾ ಸಿ ಆಗಿದ್ದರೆ ಕಾರ್ಖಾನೆಯದು. ಮೇಲೆ ಹೇಳಿದ 02:00:00:00:00:00 ನೋಡಿ, ಎರಡನೇ ಚಿಹ್ನೆ 2. ಅಸಲಿಯಲ್ಲ ಎಂದು ಅದು ತಾನಾಗಿಯೇ ಹೇಳುತ್ತಿದೆ.

ಇದು ಕಾಕತಾಳೀಯವಲ್ಲ. ಮೊದಲ ಜೋಡಿಯ ಎಂಟು ಬಿಟ್‌ಗಳಲ್ಲಿ ಬಲಗಡೆಯಿಂದ ಎರಡನೆಯದನ್ನು ಈ ಕೆಲಸಕ್ಕೆಂದೇ ಬಿಟ್ಟಿದ್ದಾರೆ. ಅದು 0 ಇದ್ದರೆ ವಿಳಾಸ ಐಇಇಇ ಹಂಚಿದ ಗುರುತಿನಿಂದ ಬಂದದ್ದು, 1 ಇದ್ದರೆ ಸ್ಥಳೀಯವಾಗಿ ಮಾಡಿಕೊಂಡದ್ದು. ಬಲತುದಿಯ ಬಿಟ್ ಗುಂಪು ವಿಳಾಸಗಳಿಗೆ (ಒಂದೇ ಸಲ ಹಲವು ಸಾಧನಗಳಿಗೆ ಕಳಿಸುವಾಗ ಬಳಸುವಂಥವು) ಮೀಸಲು, ಹಾಗಾಗಿ ಒಂದು ಟ್ಯಾಬ್‌ನ ಸ್ವಂತ ವಿಳಾಸದಲ್ಲಿ ಎರಡನೇ ಚಿಹ್ನೆ ಬೆಸ ಸಂಖ್ಯೆ ಆಗುವುದಿಲ್ಲ. 1, 3, 5 ಎಂದೇನಾದರೂ ಬರೆದುಕೊಂಡಿದ್ದರೆ ನಕಲು ಮಾಡುವಾಗ ತಪ್ಪಾಗಿದೆ. ಫಾರ್ಮ್‌ಗಳನ್ನು ತೆಗೆದುಕೊಳ್ಳುವ ಸಿಬ್ಬಂದಿಗೆ ಇದೊಂದು ಗೊತ್ತಿದ್ದರೆ ಅರ್ಧ ಓಡಾಟ ಉಳಿಯುತ್ತದೆ. ಐಪ್ಯಾಡ್‌ನ ‘ಅಬೌಟ್’ ಪುಟದಲ್ಲಿ ಕಂಡ ವಿಳಾಸದ ಬಗ್ಗೆ ಅನುಮಾನ ಬಂದರೂ ಇದೇ ಪರೀಕ್ಷೆ ಮಾಡಿ.

ಹಾಗಾದರೆ ಯಾವುದನ್ನು ಕೊಡಬೇಕು?

ಕೊಡುವ ಮುಂಚೆ ಒಂದು ಮಾತು ಕೇಳಿ: ‘ನಿಮಗೆ ಬೇಕಿರುವುದು ಡಿವೈಸಿನ ಮ್ಯಾಕಾ, ಅಥವಾ ಈ ವೈ-ಫೈಗೆ ಕಾಣುವ ಮ್ಯಾಕಾ?’ ಬಹುತೇಕ ಕಡೆ ಆ ಪ್ರಶ್ನೆಗೆ ಉತ್ತರ ಇರುವುದಿಲ್ಲ, ‘ಸೆಟ್ಟಿಂಗ್ಸಲ್ಲಿ ಇರುತ್ತಲ್ಲ, ಅದೇ ಕೊಡಿ’ ಅನ್ನುತ್ತಾರೆ. ಆಗ ನೀವೇ ತೀರ್ಮಾನಿಸಬೇಕು.

ಕಚೇರಿ ಟ್ಯಾಬ್ ಆಗಿದ್ದು, ಐಟಿ ವಿಭಾಗ ತನ್ನ ಆಸ್ತಿ ಪಟ್ಟಿಯಲ್ಲೂ ಅದೇ ವಿಳಾಸ ಇಟ್ಟುಕೊಳ್ಳುವುದಾದರೆ ಕಾರ್ಖಾನೆಯ ವಿಳಾಸವನ್ನೇ ಕೊಟ್ಟು, ಆ ಒಂದು ವೈ-ಫೈಗೆ ಮಾತ್ರ ಖಾಸಗಿ ವಿಳಾಸವನ್ನು ಆಫ್ ಮಾಡಿ. ಆ ಒಂದಕ್ಕೆ ಮಾತ್ರ ಎಂಬುದು ಮುಖ್ಯ. ಮಾಲ್, ಬಸ್‌ಸ್ಟ್ಯಾಂಡ್, ವಿಮಾನ ನಿಲ್ದಾಣಗಳ ವೈ-ಫೈಗಳಿಗೆ ಅದು ಹಾಗೇ ಇರಲಿ.

ನಿಮ್ಮ ಸ್ವಂತ ಟ್ಯಾಬ್ ಆಗಿದ್ದು ಹಾಸ್ಟೆಲ್ಲೋ ಪೀಜಿಯೋ ಆಗಿದ್ದರೆ, ನನ್ನ ಕೇಳಿದರೆ, ಐಪ್ಯಾಡ್‌ನಲ್ಲಿ ‘ಫಿಕ್ಸ್ಡ್’ ಆರಿಸಿ ಅಲ್ಲಿ ಕಾಣುವ ವಿಳಾಸವನ್ನೇ ಕೊಡಬಹುದು. ಆಂಡ್ರಾಯ್ಡ್‌ನಲ್ಲೂ ಸಾಮಾನ್ಯವಾಗಿ ಒಂದು ವೈ-ಫೈಗೆ ಒಮ್ಮೆ ಹುಟ್ಟಿದ ರ‍್ಯಾಂಡಮ್ ವಿಳಾಸ ಹಾಗೇ ಉಳಿಯುತ್ತದೆ, ದಿನಕ್ಕೊಂದು ಆಗುವುದಿಲ್ಲ. ಆದರೆ ಇದಕ್ಕೆ ಕೆಲವು ಷರತ್ತುಗಳಿವೆ. ಟ್ಯಾಬ್ ಫ್ಯಾಕ್ಟರಿ ರೀಸೆಟ್ ಮಾಡಿದರೆ ಹೊಸ ವಿಳಾಸ ಬರುತ್ತದೆ. ಐಪ್ಯಾಡ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡಿದರೂ ಅಷ್ಟೇ. ವೈ-ಫೈನ ಹೆಸರನ್ನೇ ಅವರು ಬದಲಿಸಿದರೆ ಟ್ಯಾಬ್‌ನ ಲೆಕ್ಕದಲ್ಲಿ ಅದು ಬೇರೆಯೇ ವೈ-ಫೈ, ಅದಕ್ಕೆ ಬೇರೆಯೇ ವಿಳಾಸ. ಐಪ್ಯಾಡ್ ಒಎಸ್ 15ರಿಂದ 17ರವರೆಗಿನ ಆವೃತ್ತಿ ಇದ್ದರೆ, ಆರು ವಾರ ಆ ವೈ-ಫೈಗೆ ಸೇರದಿದ್ದಾಗಲೂ ವಿಳಾಸ ಬದಲಾಗುತ್ತದೆ. ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದ ವಿದ್ಯಾರ್ಥಿಗಳಿಗೆ ಜೂನ್‌ನಲ್ಲಿ ನೆಟ್ ಬಾರದಿದ್ದರೆ ಕಾರಣ ಇದಿರಬಹುದು. ಈ ತಲೆನೋವೇ ಬೇಡ ಎನ್ನುವವರು ಆಫ್ ಮಾಡಿ ಅಸಲಿ ವಿಳಾಸ ಕೊಟ್ಟುಬಿಡಿ, ಆಕಾಶ ಬೀಳುವುದಿಲ್ಲ.

ಮನೆಯಲ್ಲಿ ಒಂದೇ ರೌಟರಿಗೆ ಎರಡು ಹೆಸರು ಇಟ್ಟಿರುತ್ತೇವೆ, ಒಂದು ಮಾಮೂಲು, ಇನ್ನೊಂದರ ಕೊನೆಗೆ 5ಜಿ ಎಂದು. ಇಲ್ಲೂ ಅದೇ ಕಥೆ. ಎರಡು ಹೆಸರು ಎಂದರೆ ಎರಡು ಖಾಸಗಿ ವಿಳಾಸ. ಮಗುವಿನ ಟ್ಯಾಬ್‌ಗೆ ರಾತ್ರಿ ಒಂಬತ್ತರ ನಂತರ ನೆಟ್ ಸಿಗದಂತೆ ರೌಟರಿನಲ್ಲಿ ಒಂದು ವಿಳಾಸಕ್ಕೆ ತಡೆ ಹಾಕಿದರೆ, ಮಗು ಇನ್ನೊಂದು ಹೆಸರಿಗೆ ಸೇರಿ ಆರಾಮಾಗಿ ವಿಡಿಯೋ ನೋಡುತ್ತಿರುತ್ತದೆ. ಖಾಸಗಿ ವಿಳಾಸದ ಸ್ವಿಚ್ಚನ್ನು ಆಚೀಚೆ ಮಾಡಿದರೂ ತಡೆ ತಪ್ಪುತ್ತದೆ. ಇದನ್ನು ಮಕ್ಕಳು ನಮಗಿಂತ ಬೇಗ ಕಂಡುಕೊಳ್ಳುತ್ತಾರೆ. ಅಂಥ ಕಡೆ ಎರಡೂ ಹೆಸರುಗಳಿಗೆ ಖಾಸಗಿ ವಿಳಾಸ ಆಫ್ ಮಾಡಿ, ಜೊತೆಗೆ ಟ್ಯಾಬ್‌ನಲ್ಲೇ ಇರುವ ಸ್ಕ್ರೀನ್ ಟೈಮ್ ಅಥವಾ ಫ್ಯಾಮಿಲಿ ಲಿಂಕ್ ಬಳಸುವುದು ವಾಸಿ.

ಅಮೆರಿಕಕ್ಕೋ ಜರ್ಮನಿಗೋ ಓದಲು ಹೊರಟವರಿಗೆ ಒಂದು ಮಾತು. ಅಲ್ಲಿನ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಎಡುರೋಮ್ ಎಂಬ ವೈ-ಫೈ ಇರುತ್ತದೆ, ಅದಕ್ಕೆ ವಿಶ್ವವಿದ್ಯಾಲಯ ಕೊಡುವ ಬಳಕೆದಾರ ಹೆಸರು, ಪಾಸ್‌ವರ್ಡ್ ಸಾಕು. ಟ್ಯಾಬ್‌ಗೆ ಮ್ಯಾಕ್ ವಿಳಾಸದ ಗೊಡವೆ ಸಾಮಾನ್ಯವಾಗಿ ಬರುವುದಿಲ್ಲ. ವಿಳಾಸ ಕೇಳುವುದು ಕಿಂಡಲ್, ಟಿವಿ, ಗೇಮ್ ಕನ್ಸೋಲ್‌ನಂಥ, ಆ ಬಗೆಯ ಲಾಗಿನ್ ತಿಳಿಯದ ಸಾಧನಗಳಿಗೆ.

ಇಷ್ಟೆಲ್ಲ ಬಚ್ಚಿಡುವುದು ಯಾಕೆ?

ವೈ-ಫೈ ಆನ್ ಇಟ್ಟುಕೊಂಡು ನಡೆದಾಡುವ ಸಾಧನ ಸುತ್ತ ಯಾವ ವೈ-ಫೈ ಇದೆ ಎಂದು ಕೂಗಿ ಕೇಳುತ್ತಲೇ ಇರುತ್ತದೆ. ಹಿಂದೆಲ್ಲ ಪ್ರತಿ ಕೂಗಿನಲ್ಲೂ ಅದರ ಅಸಲಿ ವಿಳಾಸ ಇರುತ್ತಿತ್ತು. ಕೇಳಿಸಿಕೊಳ್ಳುವ ಪೆಟ್ಟಿಗೆ ಇಟ್ಟರೆ ಸಾಕು, ಅದೇ ಸಾಧನ ಎಷ್ಟು ಗಂಟೆಗೆ ಎಲ್ಲಿತ್ತು ಎಂದು ಬರೆದಿಡಬಹುದು. 2013ರಲ್ಲಿ ಲಂಡನ್ನಿನಲ್ಲಿ ರಿನ್ಯೂ ಎಂಬ ಕಂಪನಿ ರಸ್ತೆಬದಿಯ ಕಸದ ಡಬ್ಬಿಗಳಲ್ಲೇ ಇಂಥದ್ದನ್ನು ಅಳವಡಿಸಿ ದಾರಿಹೋಕರ ಫೋನುಗಳನ್ನು ಗುರುತಿಸತೊಡಗಿತ್ತು. ಸುದ್ದಿಯಾಗಿ ಗಲಾಟೆಯಾದ ಮೇಲೆ ಆ ವರ್ಷದ ಆಗಸ್ಟ್‌ನಲ್ಲಿ ಸಿಟಿ ಆಫ್ ಲಂಡನ್ ಕಾರ್ಪೊರೇಶನ್ ಅದನ್ನು ನಿಲ್ಲಿಸಲು ಹೇಳಿತು. ಮರುವರ್ಷ ಆಪಲ್ ಐಒಎಸ್ 8ರಲ್ಲಿ, ವೈ-ಫೈ ಹುಡುಕುವಾಗ ಅಸಲಿ ವಿಳಾಸ ತೋರಿಸದಿರುವ ಏರ್ಪಾಟು ತಂದಿತು. ಕನೆಕ್ಟ್ ಆದ ಮೇಲೂ ಬೇರೆ ವಿಳಾಸ ಎಂಬುದು ಅದರ ಮುಂದಿನ ಹೆಜ್ಜೆ. ಹಾಸ್ಟೆಲ್ ಫಾರ್ಮಿನ ಪೇಚಾಟ ಅದರ ಬೆಲೆ, ಆ ಬೆಲೆ ನನಗೇನೂ ದುಬಾರಿ ಅನ್ನಿಸುವುದಿಲ್ಲ.

ಹಾಗೆಂದು ಇದು ಒಟಿಪಿಯಷ್ಟು ಗುಟ್ಟಿನದೂ ಅಲ್ಲ. ವೈ-ಫೈಗೆ ಪಾಸ್‌ವರ್ಡ್ ಇದ್ದರೂ ಮ್ಯಾಕ್ ವಿಳಾಸ ಗಾಳಿಯಲ್ಲಿ ಬಿಚ್ಚಾಗಿಯೇ ಹೋಗುತ್ತದೆ, ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡವರು ಅದನ್ನು ಓದಬಹುದು, ತಮ್ಮ ಸಾಧನಕ್ಕೆ ಹಾಕಿಕೊಳ್ಳಲೂಬಹುದು. ಆದ್ದರಿಂದ ಮನೆಯ ರೌಟರಿನಲ್ಲಿ ಬರೀ ಮ್ಯಾಕ್ ಫಿಲ್ಟರ್ (ಪಟ್ಟಿಯಲ್ಲಿರುವ ವಿಳಾಸಗಳನ್ನು ಮಾತ್ರ ಒಳಬಿಡುವ ವ್ಯವಸ್ಥೆ) ಹಾಕಿ ಪಾಸ್‌ವರ್ಡ್ ತೆಗೆಯುವ ಯೋಚನೆ ಬೇಡ. ಇನ್ನೊಂದು ಕಡೆ, ಈ ವಿಳಾಸ ನಿಮ್ಮ ರೌಟರ್ ದಾಟಿ ಇಂಟರ್ನೆಟ್ಟಿಗೆ ಹೋಗುವುದಿಲ್ಲ. ಟ್ಯಾಬ್ ಕಳೆದುಹೋದಾಗ ಮ್ಯಾಕ್ ವಿಳಾಸ ಹಿಡಿದು ಅದು ಎಲ್ಲಿದೆ ಎಂದು ಪತ್ತೆಮಾಡಿಕೊಡುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ. ಸಿಮ್ ಇರುವ ಟ್ಯಾಬ್ ಆಗಿದ್ದರೆ ಪೊಲೀಸ್ ದೂರಿಗೆ ಉಪಯೋಗಕ್ಕೆ ಬರುವುದು ಐಎಂಇಐ. ಅದನ್ನೂ ಇದೇ ‘ಅಬೌಟ್’ ಪುಟದಿಂದ ಈಗಲೇ ಬರೆದಿಟ್ಟುಕೊಳ್ಳಿ.

ಟ್ಯಾಬ್ ತೆರೆಯಲಾಗದಿದ್ದರೆ

ತೆರೆ ಒಡೆದಿದ್ದರೆ ಅಥವಾ ಪಿನ್ ಮರೆತಿದ್ದರೆ ಮೊದಲು ಟ್ಯಾಬ್ ಬಂದ ಪೆಟ್ಟಿಗೆ ಹುಡುಕಿ. ಕೆಲವು ಪೆಟ್ಟಿಗೆಗಳ ಬಾರ್‌ಕೋಡ್ ಚೀಟಿಯಲ್ಲಿ ವೈ-ಫೈ ವಿಳಾಸವನ್ನೂ ಅಚ್ಚುಹಾಕಿರುತ್ತಾರೆ. ಅದು ಸಿಗದಿದ್ದರೆ, ಟ್ಯಾಬ್ ಹಿಂದೆ ಸೇರಿದ್ದ ಮನೆಯ ರೌಟರ್ ಇದೆ. ಫೋನಿನ ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಟೈಪ್ ಮಾಡಿ. ಜಿಯೋಫೈಬರ್ ಆದರೆ 192.168.29.1. ಲಾಗಿನ್ ಆಗಿ ‘ಕನೆಕ್ಟೆಡ್ ಡಿವೈಸಸ್’ ಅಥವಾ ‘ಲ್ಯಾನ್ ಕ್ಲೈಂಟ್ಸ್’ ಪಟ್ಟಿ ನೋಡಿ. ಪಟ್ಟಿಯಲ್ಲಿ ಹಲವು ಸಾಧನಗಳಿದ್ದು ಯಾವುದು ಟ್ಯಾಬ್ ಎಂದು ಗೊತ್ತಾಗದಿದ್ದರೆ ಟ್ಯಾಬನ್ನು ಸ್ವಿಚ್ ಆಫ್ ಮಾಡಿ ಪುಟ ಮತ್ತೆ ತೆರೆಯಿರಿ, ಮಾಯವಾದ ಸಾಲೇ ಅದರದ್ದು. (ಕೆಲವು ರೌಟರುಗಳು ಹಳೆಯ ಪಟ್ಟಿಯನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತವೆ, ಕಾಯಬೇಕಾಗುತ್ತದೆ.) ನೆನಪಿಡಿ, ರೌಟರ್ ತೋರಿಸುವುದು ಅದಕ್ಕೆ ಕಂಡ ವಿಳಾಸವನ್ನು. ಎರಡನೇ ಚಿಹ್ನೆಯ ಪರೀಕ್ಷೆ ಇಲ್ಲೂ ಮಾಡಿ.

ಬರೆದುಕೊಟ್ಟ ಮೇಲೂ ಕನೆಕ್ಟ್ ಆಗದಿದ್ದರೆ

ದೊಡ್ಡಕ್ಷರ, ಸಣ್ಣಕ್ಷರ ಸಾಮಾನ್ಯವಾಗಿ ಯಾವುದಾದರೂ ನಡೆಯುತ್ತದೆ. ಕೋಲನ್ನೋ ಗೆರೆಯೋ ಎಂಬುದು ಮಾತ್ರ ಅವರ ಸಾಫ್ಟ್‌ವೇರಿಗೆ ಬಿಟ್ಟದ್ದು. ಕೆಲವಕ್ಕೆ ನಡುವೆ ಏನೂ ಇಲ್ಲದ 12 ಚಿಹ್ನೆ ಬೇಕು, ಸಿಸ್ಕೋದವರು ನಾಲ್ಕು ನಾಲ್ಕಕ್ಕೆ ಚುಕ್ಕೆ ಇಟ್ಟು ಬರೆಯುತ್ತಾರೆ. ಅವರು ನಮೂದಿಸಿದ್ದನ್ನು ತೋರಿಸಲು ಕೇಳಿ, ಟ್ಯಾಬ್‌ನಲ್ಲಿ ಆ ವೈ-ಫೈನ ಒಳಪುಟದಲ್ಲಿ ಕಾಣುವ ವಿಳಾಸದ ಜೊತೆ ಜೋಡಿ ಜೋಡಿಯಾಗಿ ಹೋಲಿಸಿ. ‘ಅಬೌಟ್’ ಪುಟದ ಜೊತೆ ಅಲ್ಲ, ಆ ವೈ-ಫೈನ ಒಳಪುಟದ ಜೊತೆ. ಎರಡೂ ಒಂದೇ ಇದ್ದರೆ ಟ್ಯಾಬ್‌ನಲ್ಲಿ ಆ ವೈ-ಫೈಯನ್ನು ‘ಫರ್ಗೆಟ್’ ಮಾಡಿ ಮತ್ತೆ ಸೇರಿ. ಸೇರಿದ ಮೇಲೆ ಆಯ್ಕೆ ಮತ್ತೆ ರ‍್ಯಾಂಡಮ್ ಅಥವಾ ರೊಟೇಟಿಂಗ್‌ಗೆ ತಿರುಗಿದೆಯೇ ಎಂದು ನೋಡಿ, ತಿರುಗಿದ್ದರೆ ಸರಿಪಡಿಸಿ, ವೈ-ಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಅಷ್ಟಾದರೂ ಬಾರದಿದ್ದರೆ ನಿಮ್ಮ ಟ್ಯಾಬ್ ಬಿಟ್ಟು ಅವರ ಕಡೆಯ ಪಟ್ಟಿ ರೌಟರಿಗೆ ತಲುಪಿದೆಯೇ ಎಂದು ವಿಚಾರಿಸಬೇಕು; ಕೆಲವು ಕಡೆ ದಿನದ ಕೊನೆಗೆ ಒಟ್ಟಿಗೆ ಸೇರಿಸುತ್ತಾರೆ.